ಏಳನೆಯ ಗಂಟು

ಕುರಿಯ ಹಿಂದೆ ಹೋಗುವ ಹುಡುಗಿ ನಾಲ್ಕನೇ ತರಗತಿ ದಾಟುವುದಿಲ್ಲ ಎಂದು ಹೇಳಿದವರು ದುಂಡಪ್ಪ ಮಾಸ್ತರು. ಸುಮ್ಮನೆ ಹೇಳಲಿಲ್ಲ, ಮೀಸೆ ತಿರುವಿ ಹೇಳಿದರು. "ಈಕಿ ನಾಕನೇತ್ತ ದಾಟಿದ್ರ ಈ ಮೀಸಿ ಬೋಳಿಸ್ತೇನಿ ನೋಡ್ಲೇ ಮಾಳಪ್ಪ." ಮಾಳಪ್ಪ ಎಂದರೆ ನನ್ನ ಅಪ್ಪ. ಅಪ್ಪ ನಕ್ಕ. ದೊಡ್ಡವರು ಚೇಷ್ಟೆ ಮಾಡಿದಾಗ ನಗುವುದು ಮರ್ಯಾದೆ ಎಂದು ಅವನು ತಿಳಿದಿದ್ದ. ನಾನು ನಗಲಿಲ್ಲ. ನನಗಾಗ ಒಂಬತ್ತು ವರ್ಷ. ಆ ಮೀಸೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ: ಎರಡೂ ಕಡೆ ಜೋತುಬಿದ್ದು, ತುದಿಗೆ ನಶ್ಯದ ಬಣ್ಣ ಹತ್ತಿದ ಮೀಸೆ.

ಈಗ ನಾನು ಬಿ.ಎ. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಕೂಡಿಸಿ ನಾನೇ ಮೊದಲನೆಯವಳು. ಇದನ್ನು ಅಗತ್ಯಕ್ಕಿಂತ ಜಾಸ್ತಿ ಹೇಳಿಕೊಳ್ಳುತ್ತೇನೆ ಎಂದು ನನ್ನ ಗಂಡ ಅನ್ನುತ್ತಾರೆ. ಇರಬಹುದು. ಮದುವೆಯ ಕಾರ್ಡಿನಲ್ಲಿ ಹಾಕಿಸಿದೆ. ಜಮಖಂಡಿಯ ನಮ್ಮ ಬಾಡಿಗೆ ಮನೆಯ ಬಾಗಿಲ ಹಲಗೆಯ ಮೇಲೂ ಬರೆಸಿದೆ. ಹಾಲು ಹಾಕುವಾಕೆ ನನ್ನನ್ನು "ಬಿ.ಎ. ಅಕ್ಕಾರ" ಎಂದೇ ಕೂಗುತ್ತಾಳೆ, ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ನಾನು ಅಳೆಯಲು ಹೋಗಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ ನಾನು. ದಿನವಿಡೀ ಬೇರೆಯವರ ಕಾಗದ ಓದುವುದೇ ಕೆಲಸ. ಎದುರಿಗೆ ನಿಂತವರು ಕೇಳಲಿ ಬಿಡಲಿ, ಕಾಗದವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನ ತನಕ ಗಟ್ಟಿಯಾಗಿ ಓದಿ ಹೇಳಿಯೇ ಕೊಡುತ್ತೇನೆ. ಸರದಿಯಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಹೋದ ಸೋಮವಾರದ ಮಾತು. ನನ್ನ ಮಗಳು ಸಿರಿ ಮೂರನೇ ತರಗತಿ. ಅವಳ ಶಾಲೆಯಿಂದ ಪ್ರತಿ ಸೋಮವಾರ ಒಂದು ಹಳದಿ ಹಾಳೆ ಬರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ಈ ವಾರ ನಿಮ್ಮ ಮಗು ಏನು ಕಲಿಯುತ್ತಿದೆ?' ಎಂದು ಅಚ್ಚು ಹಾಕಿರುತ್ತಾರೆ. ಆ ಸಾಲನ್ನು ನಾನು ಎರಡೆರಡು ಸಲ ಓದುತ್ತೇನೆ. ನಮ್ಮ ಓಣಿಯ ಬೇರೆ ತಾಯಂದಿರು ಆ ಹಾಳೆಯಲ್ಲಿ ಶೇಂಗಾ ಕಟ್ಟುತ್ತಾರೆ. ನಾನು ಒಂದನ್ನೂ ಎಸೆದಿಲ್ಲ. ಒಂದನೇ ತರಗತಿಯಿಂದ ಇಂದಿನವರೆಗಿನದೆಲ್ಲ ಒಂದು ಫೈಲಿನಲ್ಲಿದೆ. ಯಾಕೆ ಎಂದು ಕೇಳಿದರೆ ಗಂಡನಿಗೂ ಸರಿಯಾದ ಉತ್ತರ ಕೊಟ್ಟಿಲ್ಲ.

ಈ ವಾರದ ಹಾಳೆ ಹೀಗಿತ್ತು. ಗಣಿತ: ಶೇಷ ಉಳಿಯುವ ಭಾಗಾಕಾರ. ಕನ್ನಡ: ಒತ್ತಕ್ಷರಗಳ ಪದಗಳು. ಪರಿಸರ ಅಧ್ಯಯನ: ನಮ್ಮ ಸಹಾಯಕರು, ಕುರಿಗಾಹಿ. ಕೆಳಗೆ ಸೂಚನೆ: ಶುಕ್ರವಾರ ಮಗುವಿನ ಜೊತೆ ಸ್ವಲ್ಪ ಉಣ್ಣೆ ಕಳಿಸಿ. ಮನೆಯಲ್ಲಿ ಕುರಿಗಾಹಿಗಳಿದ್ದರೆ ಅವರನ್ನು ಸಾಂಪ್ರದಾಯಿಕ ಉಡುಪಿನಲ್ಲಿ, ಕೋಲು ಕಂಬಳಿಯೊಂದಿಗೆ ಶಾಲೆಗೆ ಕಳಿಸಿ.

"ಮಮ್ಮಿ, ನಾ ಮಿಸ್‌ಗೆ ಹೇಳಿಬಿಟ್ಟೇನಿ," ಎಂದಳು ಸಿರಿ. "ನಮ್ಮ ಮುತ್ಯಾ ಬರ್ತಾನ ಅಂತ. ಎಲ್ಲಾರೂ ಚಪ್ಪಾಳಿ ಹೊಡದ್ರು." ಅವಳ ಮುತ್ಯಾ ಎಂದರೆ ಅಜ್ಜ, ನನ್ನ ಅಪ್ಪ.

ಉಣ್ಣೆ ಬೇಕಲ್ಲ. ಟ್ರಂಕಿನ ತಳದಲ್ಲಿ ಅವ್ವ ಕೊಟ್ಟ ಕರಿ ಕಂಬಳಿ ಇತ್ತು. ತೆಗೆದು ಕೊಡವಿದೆ. ಕಂಬಳಿಯ ವಾಸನೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿರಬಹುದು. ಹೊಗೆ, ಕುರಿಯ ಮೈಯ ಜಿಡ್ಡು, ನೂಲಿಗೆ ಬಳಿದ ಹುಣಸೆ ಬೀಜದ ಗಂಜಿಯ ಹುಳಿ, ಎಷ್ಟೋ ಹೊಲಗಳ ಮಣ್ಣು. ಅದನ್ನು ಮೂಗಿಗೆ ಹಿಡಿದು ಕುಳಿತಿದ್ದೆ, ಅಷ್ಟರಲ್ಲಿ ಸಿರಿ ತನ್ನ ಅಭ್ಯಾಸದ ಹಾಳೆ ತಂದು ತೊಡೆಯ ಮೇಲಿಟ್ಟಳು. ಓದಿದೆ. 'ಕುರಿಗಾಹಿಯು ಮುಗ್ಧನು. ಅವನಿಗೆ ಓದು ಬರಹ ಬಾರದು. ಆದರೂ ಅವನು ಸದಾ ಸಂತೋಷವಾಗಿ ಇರುತ್ತಾನೆ.' ಅದರ ಕೆಳಗೆ ಬಿಟ್ಟ ಸ್ಥಳ ತುಂಬಿರಿ: 'ಕುರಿಗಾಹಿಗೆ ______ ಬಾರದು.' ನನ್ನ ಮಗಳು ದುಂಡಗಿನ ಅಕ್ಷರದಲ್ಲಿ 'ಓದು ಬರಹ' ಎಂದು ತುಂಬಿದ್ದಳು. ಪಕ್ಕದಲ್ಲಿ ಒಂದು ಬಂಗಾರದ ಬಣ್ಣದ ನಕ್ಷತ್ರ ಅಂಟಿಸಿದ್ದರು.

ಕೋಪ ಎನ್ನುವುದು ಹೊಟ್ಟೆಯಿಂದ ಏಳುತ್ತದೆ ಎನ್ನುತ್ತಾರೆ. ನನಗೆ ಅಂಗೈಯಿಂದ ಏಳುತ್ತದೆ. ಎರಡೂ ಅಂಗೈ ಬಿಸಿಯಾದವು. ಆ ನಕ್ಷತ್ರವನ್ನು ಉಗುರಿನಿಂದ ಕಿತ್ತುಹಾಕಿದೆ. ಸಿರಿ ಅಳತೊಡಗಿದಳು. ಗಂಡ ಒಳಗಿನಿಂದ ಬಂದು, "ಏನಾತ? ಮೂರನೇತ್ತದ ಹಾಳಿ ಅದು, ಹೈಕೋರ್ಟಿನ ತೀರ್ಪಲ್ಲ," ಎಂದರು. ನಾನು ಕಂಬಳಿಯಿಂದ ಒಂದು ಎಳೆ ಎಳೆದು, ತೊಡೆಯ ಮೇಲೆ ಹೊಸೆದು, ನನಗೆ ಗೊತ್ತಿಲ್ಲದಂತೆಯೇ ಅದರಲ್ಲಿ ಗಂಟು ಹಾಕುತ್ತ ಕುಳಿತೆ. ಎಣಿಸಿ ನೋಡಿದರೆ ಏಳು ಗಂಟು.

ಈ ಏಳು ಗಂಟಿನ ಕಥೆಯನ್ನು ನಿಮಗೆ ಹೇಳಲೇಬೇಕು.

ನಮ್ಮದು ಚಿಮ್ಮಡದ ಕಡೆಯ ಸಣ್ಣ ಊರು. ದೀಪಾವಳಿ ಮುಗಿಯಿತೆಂದರೆ ಊರ ಬೀರಪ್ಪನಿಗೆ ಭಂಡಾರದ ಅರಿಶಿನ ಹಾರಿಸಿ ನಮ್ಮ ಜನ ಕುರಿ ಹೊಡೆದುಕೊಂಡು ಹೊರಡುತ್ತಿದ್ದರು. ಮತ್ತೆ ಊರ ಮುಖ ನೋಡುವುದು ಮಳೆಗಾಲಕ್ಕೆ. ನಡುವಿನ ಏಳು ತಿಂಗಳು ಹೊಲಗಳಲ್ಲಿ. ಕಬ್ಬು ಕಡಿದ ಹೊಲ, ಜೋಳ ಕೊಯ್ದ ಹೊಲ, ಎಲ್ಲಿ ರೈತರು ಕರೆಯುತ್ತಾರೋ ಅಲ್ಲಿ ಕುರಿ ನಿಲ್ಲಿಸುವುದು. ಎರಡು ರಾತ್ರಿ ಕುರಿ ಮಲಗಿ ಎದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಬೀಳಗಿಯ ಕಡೆ ಬಾಡಗಂಡಿಯ ಸುತ್ತ, ಬೆಲ್ಲದ ಪಾಕದ ವಾಸನೆ ಗಾಳಿಯಲ್ಲಿ ಬರುವಷ್ಟು ದೂರದಲ್ಲಿ, ಮುಧೋಳದ ಕರಿಮಣ್ಣಿನಲ್ಲಿ, ಹೀಗೆ. ಮಕ್ಕಳೂ ಜೊತೆಗೆ. ಈದ ಕುರಿಯ ಮರಿಗಳನ್ನು ಬುಟ್ಟಿಯಲ್ಲಿ ಹೊರುವುದು, ಮರಿಗೆ ಮೊಲೆ ಹಿಡಿಸುವುದು ನನ್ನ ಕೆಲಸ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಏಳು ತಿಂಗಳು ಬರೀ ಗೀಟು.

ಆದರೆ ನನಗೆ ಓದುವ ಹುಚ್ಚು. ಎಲ್ಲಿಂದ ಬಂತೋ. ನಾಲ್ಕನೇ ತರಗತಿಯ ಎರಡು ಪುಸ್ತಕಗಳನ್ನು ಮರಿಯ ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಒಂದರ ಮೂಲೆಯನ್ನು ಮರಿ ತಿಂದಿತ್ತು. ಬಿಡಾರದಲ್ಲಿ ಪ್ರತಿದಿನ ಅಪ್ಪನನ್ನು ಪೀಡಿಸುತ್ತಿದ್ದೆ: "ಸಾಲ್ಯಾಗ ಈಗ ಏನ ಕಲಸಾಕತ್ತಾರೋ ಏನೋ." ಅಪ್ಪ ಒಂದು ದಿನ, "ಕೇಳ್ಕೊಂಡ ಬರ್ತೇನಿ ಬಿಡು," ಎಂದ.

ಹೇಳಿದ ಹಾಗೆ ಮಾಡಿದ. ವಾರಕ್ಕೊಮ್ಮೆ ಬನಹಟ್ಟಿಯ ಸಂತೆಗೆ ಉಪ್ಪು ಮೆಣಸಿನಕಾಯಿ ತರಲು ಹೋಗುತ್ತಿದ್ದವನು ಅಲ್ಲಿಂದ ಊರಿನ ಶಾಲೆಗೆ ಸುತ್ತು ಹಾಕಿ, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಚೌಕಟ್ಟಿನ ಆಚೆಯೇ ನಿಂತು ಕೇಳುತ್ತಿದ್ದ: "ಮಾಸ್ತರ, ಈ ವಾರ ಏನ ಕಲಸಾಕತ್ತೀರಿ?" ದುಂಡಪ್ಪ ಮಾಸ್ತರು ಪಾಠದ ಸಂಖ್ಯೆ ಹೇಳುತ್ತಿದ್ದರು. ಬರೆದುಕೊಳ್ಳಲು ಅಪ್ಪನಿಗೆ ಬರುತ್ತಿರಲಿಲ್ಲ. ಆದರೆ ನಮ್ಮಲ್ಲಿ ಯಾವ ಕುರಿ ಎಷ್ಟು ಸಲ ಈದಿದೆ ಎಂಬುದನ್ನು ಉಣ್ಣೆಯ ದಾರಕ್ಕೆ ಗಂಟು ಹಾಕಿ ಇಡುವ ರೂಢಿ ಇತ್ತು. ಅಪ್ಪ ಅಲ್ಲೇ ಸೊಂಟದಿಂದ ದಾರ ತೆಗೆಯುತ್ತಿದ್ದ. ಕರಿ ದಾರ ಕನ್ನಡಕ್ಕೆ, ಬಿಳಿ ದಾರ ಲೆಕ್ಕಕ್ಕೆ. ಐದನೇ ಪಾಠ ಎಂದರೆ ಐದು ಗಂಟು. ಬಿಡಾರಕ್ಕೆ ಬಂದು ನನ್ನ ಕೈಗೆ ಕೊಡುತ್ತಿದ್ದ. ನಾನು ಗಂಟು ಎಣಿಸಿ ಪುಸ್ತಕ ತೆರೆಯುತ್ತಿದ್ದೆ. ಇಂದಿನ ಹಳದಿ ಹಾಳೆಗೂ ಆ ದಾರಕ್ಕೂ ನನಗೆ ಕಾಣುವ ವ್ಯತ್ಯಾಸ ಇಷ್ಟೇ: ದಾರಕ್ಕೆ ಹದಿನೆಂಟು ಮೈಲಿ ನಡೆಯಬೇಕಿತ್ತು.

ಮೊದಲು ಸರಿಯಾಗಿಯೇ ನಡೆಯಿತು. ನಾಲ್ಕು ಗಂಟು, ಐದು, ಆರು. ಆಮೇಲೆ ಏಳು ಬಂತು. ಏಳನೇ ಪಾಠ ಪಟ್ಟಣದ ರಸ್ತೆ ನಿಯಮ. ಕೆಂಪು ದೀಪ ಕಂಡರೆ ನಿಲ್ಲು, ಹಳದಿ ಕಂಡರೆ ಸಿದ್ಧನಾಗು, ಹಸಿರು ಕಂಡರೆ ಹೊರಡು. ಮರುವಾರವೂ ಏಳು ಗಂಟು ಬಂತು. ಅದರ ಮರುವಾರವೂ ಏಳು. ನಾಲ್ಕನೆಯ ವಾರವೂ ಏಳು. ದೊಡ್ಡ ಪಾಠ ಇರಬೇಕು, ಮಾಸ್ತರು ಆಳವಾಗಿ ಕಲಿಸುತ್ತಿದ್ದಾರೆ ಎಂದುಕೊಂಡೆ. ಅಪ್ಪನ ಎದೆಯವರೆಗೂ ಬಾರದ ಹುಡುಗಿ ಬಾಡಗಂಡಿಯ ಕೂಳೆ ಹೊಲದಲ್ಲಿ ನಿಂತು ಕುರಿಗಳಿಗೆ ಸಿಗ್ನಲ್ ಕಲಿಸುತ್ತಿದ್ದಳು. ಅವ್ವನ ಕೆಂಪು ಸೆರಗು ಹಿಡಿದು ನಿಲ್ಲಿಸಿದರೆ ಟಗರೊಂದು ಮಾತ್ರ ನಿಲ್ಲುತ್ತಿತ್ತು, ಅದೂ ಹಾಯುವ ಮೊದಲು. ನಮ್ಮ ಬಿಡಾರದ ಸಪೂರ ನಾಯಿ ಮಾತ್ರ ಎಲ್ಲ ಬಣ್ಣಕ್ಕೂ ಓಡುತ್ತಿತ್ತು. ಅದರ ಬಂಧುಗಳಿಗೆ ಈಗ ತಿಮ್ಮಾಪುರದ ಮುಧೋಳ ನಾಯಿಗಳ ಕೇಂದ್ರದಲ್ಲಿ ತಾಯಿ ತಂದೆ ಅಜ್ಜ ಮುತ್ತಜ್ಜರ ಸಮೇತ ದಾಖಲೆ ಇಡುತ್ತಾರಂತೆ. ಒಳ್ಳೆಯದು. ಆ ವರ್ಷ ನನ್ನ ದಾಖಲೆ ಏನಾಯಿತು ಎಂಬುದನ್ನೂ ಕೇಳಿ.

ಬೇಸಿಗೆ ಮೊದಲಾಗುವಾಗ ಅಪ್ಪ ಶಾಲೆಗೆ ಹೋಗಿ, ಪರೀಕ್ಷೆ ಯಾವ ದಿನ, ಮಗಳನ್ನು ಯಾವಾಗ ಕರೆದುಕೊಂಡು ಬರಲಿ ಎಂದು ಕೇಳಿದ. ದುಂಡಪ್ಪ ಮಾಸ್ತರು ಕಪಾಟಿನಿಂದ ಒಂದು ಅಚ್ಚಿನ ಕಾಗದ ತೆಗೆದು, ತುಂಬಿ, ಹೆಡ್‌ಮಾಸ್ತರ ಸಹಿ ಹಾಕಿಸಿ ತಂದು ಕೊಟ್ಟರು. "ಪರೀಕ್ಷಿ ಯಾಕ ಬೇಕೋ ಮಾಳಪ್ಪ? ನಿನ್ನ ಮಗಳು ಬಾಳ ಶಾಣ್ಯಾಕಿ. ಇದ ತಗೊ, ಆತು." ಅಪ್ಪ ಅದನ್ನು ರುಮಾಲಿನ ಮಡಿಕೆಯಲ್ಲಿಟ್ಟು, ಉರಿಬಿಸಿಲಲ್ಲಿ ಎಲ್ಲಿಯೂ ಕೂರದೆ ನಡೆದು ಬಂದ. ದೂರದಿಂದಲೇ ಕೂಗಿದ್ದು ನನಗೆ ನೆನಪಿದೆ: "ಪಾಸಾದೀ ಯವ್ವಾ." ಅವ್ವ ಆ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ನೇರ ಬೀರಪ್ಪನ ಪೆಟ್ಟಿಗೆಯಲ್ಲಿಟ್ಟು ಮೇಲೆ ಹಿಡಿ ಭಂಡಾರ ಚೆಲ್ಲಿದಳು. ಭಂಡಾರ ಬಿದ್ದ ವಸ್ತು ಊರ ಗುಡಿ ಮುಟ್ಟುವ ತನಕ ಹೊರಗೆ ಬರುವಂತಿಲ್ಲ. ನಾನು ಓದುತ್ತೇನೆ ಎಂದೆ. "ದೇವರ ಮುಂದ ಇಟ್ಟದ್ದು ಓದೂದೇನೈತಿ? ಅಂವ ಓದ್ಯಾನ," ಎಂದಳು ಅವ್ವ. ಆವತ್ತು ಹೋಳಿಗೆ ಮಾಡಿದಳು, ಮೂರು ಕಲ್ಲಿನ ಒಲೆಯ ಮೇಲೆ, ಗಾಳಿಗೆ ಬೂದಿ ಹಾರುವ ಹೊಲದಲ್ಲಿ. ಬೂದಿಯ ಸಮೇತ ತಿಂದೆ.

ಜೂನ್ ತಿಂಗಳಲ್ಲಿ ಊರಿಗೆ ಬಂದು, ಗುಡಿಗೆ ಹೋಗಿ, ಅಲ್ಲಿಂದ ಆ ಹಳದಿ ಹತ್ತಿದ ಕಾಗದ ಹಿಡಿದುಕೊಂಡು ಐದನೇ ತರಗತಿಯಲ್ಲಿ ಹೋಗಿ ಕುಳಿತೆ. ಅಪ್ಪ ಬಾಗಿಲಲ್ಲಿ ನಿಂತಿದ್ದ. ದುಂಡಪ್ಪ ಮಾಸ್ತರು ಕಾಗದ ಇಸಿದುಕೊಂಡು ಇಡೀ ತರಗತಿಗೆ ಕೇಳುವಂತೆ ಓದಿದರು. ಶಾಲೆ ಬಿಟ್ಟ ಪ್ರಮಾಣಪತ್ರ. ಬಿಟ್ಟ ಕಾರಣ: ಪಾಲಕರ ಇಚ್ಛೆ. "ನಿಮ್ಮಪ್ಪನ ಬಂದು ಬಿಡಿಸ್ಕೊಂಡ ಹೋಗ್ಯಾನಲ್ಲಬೇ. ಕುರಿ ಕಾಯೋರಿಗಿ ಭಂಡಾರ ಹಚ್ಚಿದ ಕಾಗದ ಎಲ್ಲಾ ಒಂದ." ಮಕ್ಕಳು ನಕ್ಕರು. ನಾನು ತಿರುಗಿ ನೋಡಿದೆ. ಆವತ್ತು ಅಪ್ಪ ನಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಊರ ಹಿರಿಯರ ಹತ್ತಿರ ಹೋಗುತ್ತಿದ್ದರು, ಅರ್ಜಿ ಬರೆಸುತ್ತಿದ್ದರು. ಅಪ್ಪನಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಮರುದಿನ ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ನಮ್ಮ ನೂರ ಇಪ್ಪತ್ತು ಕುರಿ ಶಾಲೆಯ ಅಂಗಳದಲ್ಲಿದ್ದವು. ಮಕ್ಕಳಿಗೆ ಸಾಲು ನಿಲ್ಲಲು ಜಾಗವಿಲ್ಲ. ಒಂದು ಕುರಿ ಕಚೇರಿಯ ಮೆಟ್ಟಿಲೇರಿ ಒಳಗೆ ಇಣುಕುತ್ತಿತ್ತು. ಹೆಡ್‌ಮಾಸ್ತರು ಧೋತರ ಎತ್ತಿಕೊಂಡು ಹಿಕ್ಕೆಗಳ ನಡುವೆ ಹೆಜ್ಜೆ ಹುಡುಕುತ್ತ ಬಂದರು. "ಏನೋ ಇದು, ಮಾಳಪ್ಪ?"

ಅಪ್ಪ ಕೋಲಿಗೆ ಗದ್ದ ಊರಿ ನಿಂತಿದ್ದ. "ಏನಿಲ್ರಿ. ಗೊಬ್ಬರ ಹಾಕಾಕತ್ತೇನಿ. ನಿಮ್ಮ ಸಾಲ್ಯಾಗ ಬೆಳಿ ಬರವಲ್ದಾಗೇತಿ, ಅದಕ್ಕ."

"ಹುಚ್ಚ ಹಿಡದೈತೇನು? ಹೊಡಕೊಂಡ ಹೋಗು."

"ಮಗಳ ಹೆಸರ ಹಚ್ಚೂ ಮಟಾ ಕುರಿ ಏಳೂದಿಲ್ರಿ. ನಾ ಹೇಳಿದ್ರೂ ಏಳೂದಿಲ್ಲ. ಅವೂ ಸಾಲಿ ಕಲತಿಲ್ಲ."

ಎರಡು ದಿನ. ಎರಡನೆಯ ದಿನ ಮಧ್ಯಾಹ್ನ ಬಿಸಿಲಿಗೆ ಆ ವಾಸನೆ ಎಷ್ಟಾಯಿತೆಂದರೆ ಹೆಡ್‌ಮಾಸ್ತರು ಮೂಗಿಗೆ ವಸ್ತ್ರ ಕಟ್ಟಿಕೊಂಡೇ ನನ್ನ ಹೆಸರು ಬರೆದರು. ಐದಕ್ಕಲ್ಲ, ಮತ್ತೆ ನಾಲ್ಕಕ್ಕೆ. ಒಂದು ವರ್ಷ ಹೋಯಿತು. ಆ ಒಂದು ವರ್ಷವನ್ನು ಇಂದಿಗೂ ಯಾರೂ ನನಗೆ ತಿರುಗಿ ಕೊಟ್ಟಿಲ್ಲ, ಬಿ.ಎ. ಕೂಡ ಕೊಟ್ಟಿಲ್ಲ. ಆ ದೀಪಾವಳಿಗೆ ಕುರಿಗಳು ಹೋದವು, ನನ್ನನ್ನು ದೊಡ್ಡವ್ವನ ಮನೆಯಲ್ಲಿ ಬಿಟ್ಟರು. ಆಮೇಲಿನದು ಎಲ್ಲರ ಕಥೆಯ ಹಾಗೆಯೇ: ಹೈಸ್ಕೂಲಿಗೆ ನಡಿಗೆ, ಬನಹಟ್ಟಿಗೆ ಬಸ್ಸಿನ ಬಾಗಿಲು, ಜಮಖಂಡಿಯ ಹಾಸ್ಟೆಲಿನ ನೀರುಸಾರು. ಡಿಗ್ರಿಯಲ್ಲಿದ್ದಾಗ ಒಮ್ಮೆ ಬೆಳಗಾವಿಗೆ ಹೋಗಿ ಮೊದಲ ಸಲ ಸಿಗ್ನಲ್ ನೋಡಿದೆ. ಗೆಳತಿಯರೆಲ್ಲ ದಾಟಿದರು. ನಾನು ಕೆಂಪು ದೀಪದ ಎದುರು ನಿಂತು, ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಬಾಯಲ್ಲೇ ಹೇಳಿ, ಅದಕ್ಕೊಂದು ಬೈಗುಳ ಬೈದೆ. ಈಗಲೂ ಸ್ಕೂಟರಿನ ಹಿಂದೆ ಕುಳಿತಾಗ ಕೆಂಪು ದೀಪ ಬಿದ್ದರೆ ಗಂಡನ ಬೆನ್ನಿಗೆ ಸುಮ್ಮನೆ ಒಂದು ಗುದ್ದು ಬೀಳುತ್ತದೆ.

ಇಲ್ಲಿ ನೀವು ಒಂದು ಮಾತನ್ನು ಕಾಯುತ್ತಿದ್ದೀರಿ ಎಂದು ಬಲ್ಲೆ. ಡಿಗ್ರಿ ಹಿಡಿದು ದುಂಡಪ್ಪ ಮಾಸ್ತರ ಎದುರು ಹೋಗಿ ನಿಂತೆ, ಅವರು ತಲೆ ತಗ್ಗಿಸಿದರು, ಹೀಗೆ ಏನಾದರೂ. ಅಂಥದ್ದೇನೂ ಆಗಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗಲೇ ಅವರು ತೀರಿಕೊಂಡರು. ಮೀಸೆ ಅವರ ಸಂಗಡವೇ ಹೋಯಿತು. ಊರವರು ಬಂಗಾರದಂಥ ಮನುಷ್ಯ ಎಂದು ಅತ್ತರು. ಸಿಟ್ಟಿಗೂ ಒಂದು ವಿಳಾಸ ಬೇಕು ನೋಡಿ. ವಿಳಾಸ ತಪ್ಪಿದ ಸಿಟ್ಟು ಮನೆಯಲ್ಲೇ ಕೊಳೆಯುತ್ತದೆ. ನನ್ನದು ಗಂಡನ ಬೆನ್ನಿಗೆ, ಸರದಿಯಲ್ಲಿ ನಿಂತವರ ತಲೆಗೆ, ಮೊನ್ನೆ ಮಗಳ ನಕ್ಷತ್ರಕ್ಕೆ ಬಿದ್ದಿತು.

ಶುಕ್ರವಾರ ಶಾಲೆಗೆ ಹೋಗಿ ಮಾತಾಡಬೇಕಾದ ಮಾತುಗಳನ್ನು ನಾನು ಮಂಗಳವಾರದಿಂದಲೇ ಅಡುಗೆ ಮನೆಯಲ್ಲಿ ಅಭ್ಯಾಸ ಮಾಡಿದೆ. ಅಪ್ಪನನ್ನು ಕಳಿಸಬಾರದೆಂದು ನಿಶ್ಚಯಿಸಿದ್ದೆ. ಆದರೆ ಸಿರಿ ಆಗಲೇ ಊರಿಗೆ ಫೋನ್ ಹಚ್ಚಿದ್ದಳು. ಗುರುವಾರ ಸಂಜೆ ಅಪ್ಪ ಬಂದಿಳಿದ. ಈಗ ಊರಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾನೆ. ಕಾಲು ಕೇಳದಿದ್ದರೂ ಇಪ್ಪತ್ತು ಕುರಿ ಬಿಟ್ಟುಕೊಟ್ಟಿಲ್ಲ. ನಾನು ಅಭ್ಯಾಸದ ಹಾಳೆಯನ್ನು ಅವನಿಗೆ ಓದಿ ಹೇಳಿದೆ. ಒಂದೂ ಅಕ್ಷರ ಬಿಡಲಿಲ್ಲ. ಅವನಿಗೂ ಸಿಟ್ಟು ಬರಲಿ ಎಂದೇ ಓದಿದೆ.

"ಖರೇನ ಬರದಾರಲ್ಲ," ಎಂದ ಅಪ್ಪ. "ನನಗ ಎಲ್ಲಿ ಓದಾಕ ಬರ್ತೈತಿ?"

"ನೀ ಹೋಗಬ್ಯಾಡ. ನಿನ್ನ ನೋಡಾಕ ಕರದಾರ, ಝೂದಾಗ ನೋಡಿದಂಗ."

"ಸಾಲ್ಯಾಗಿನವ್ರು ಒಳಗ ಬಾ ಅಂತ ಒಮ್ಮೇರ ಕರದಾರೇನ ನನ್ನ? ಹೊರಗ ನಿಂತ ನಿಂತ ಕಾಲ ಸೋತಾವ. ನಾ ಹೋಗಾಂವ."

ಸಿರಿ ಅವನ ಪಕ್ಕ ಕುಳಿತು, ನಾನು ಸೋಮವಾರ ಹೊಸೆದ ದಾರವನ್ನು ಅವನಿಗೆ ತೋರಿಸಿದಳು. ಅಪ್ಪ ಅದನ್ನು ಬೆರಳಲ್ಲಿ ಜಾರಿಸಿ ಎಣಿಸಿದ. ಏಳಕ್ಕೆ ಬಂದಾಗ ಕೈ ನಿಂತಿತು.

"ನಾಕ ವಾರ ಏಳ ಹಾಕಸಿದ ಸೂಳೇಮಗ," ಎಂದ, ಮೊಮ್ಮಗಳು ಪಕ್ಕದಲ್ಲಿದ್ದುದನ್ನು ಮರೆತು. ಮೂವತ್ತು ವರ್ಷಗಳಲ್ಲಿ ಅವನ ಬಾಯಲ್ಲಿ ನಾನು ಕೇಳದ ಮಾತು. "ಎರಡನೇ ವಾರಕ್ಕ ನನಗ ಗೊತ್ತಾಗಿತ್ತು. ಒಳಗ ಹುಡುಗೂರು ಬ್ಯಾರೇನ ಹಾಡ ಹೇಳತಿದ್ವು, ಹಿಂದಿನ ವಾರದ್ದಲ್ಲ. ನಾ ಕಿಂವಿಲೆ ಕೇಳೇನಿ."

"ಗೊತ್ತಿದ್ರ ಯಾಕ ಕೇಳಲಿಲ್ಲಪಾ?"

"ಏನಂತ ಕೇಳಲಿ? ಅಂವ ಪುಸ್ತಕ ತಗದ ತೋರಿಸಿ ಇದ ಐತಿ ಅಂದ್ರ, ಅಲ್ಲ ಅನ್ನಾಕ ನನಗ ಓದಾಕ ಬರ್ತಿತ್ತೇನು? ಸಿಟ್ಟ ಮಾಡಿದ್ರ ನಿನ್ನ ಹೆಸರ ತಗದಾನು ಅಂತ ಅಂಜಿದ್ನಿ. ಅಂಜಿದ್ರೂ ತಗದಾ."

ನಾನು ಇಷ್ಟು ವರ್ಷ ಮೋಸ ಹೋದ ಪಾಪದ ಮನುಷ್ಯ ಎಂದು ಅಪ್ಪನನ್ನು ಮನಸ್ಸಿನಲ್ಲಿ ಎತ್ತಿ ಆಡಿಸುತ್ತ ಬಂದಿದ್ದೆ. ಅವನ ಪರವಾಗಿ ಸಿಟ್ಟಾಗುವುದು ನನ್ನದೊಂದು ಪದವಿ ಎಂದುಕೊಂಡಿದ್ದೆ. ಕುರಿಗಾಹಿಯು ಮುಗ್ಧನು. ಆ ಹಾಳೆಯನ್ನು ನಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದೆನೇನೋ.

ಶುಕ್ರವಾರ ಕಚೇರಿಗೆ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಹೆಗಲಿಗೆ ಕಂಬಳಿ, ಅದು ಯಾವಾಗಲೂ ಇರುವುದೇ. ತರಗತಿಯ ಬಾಗಿಲಿಗೆ ಬಂದವನು ಚಪ್ಪಲಿ ಬಿಟ್ಟು, ಚೌಕಟ್ಟಿನ ಆಚೆ ನಿಂತುಬಿಟ್ಟ. ಕಾಲು ರೂಢಿ ಮರೆತಿರಲಿಲ್ಲ. ಸಿರಿ ಕೈ ಹಿಡಿದು ಒಳಗೆ ಎಳೆದಳು. ತರಗತಿಯ ಟೀಚರು ಚಿಕ್ಕ ವಯಸ್ಸಿನ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ಎಲ್ಲದರ ಫೋಟೋ ತೆಗೆಯುವ ಅವಸರ.

ಮಕ್ಕಳು ಸರಿಯಾದ ಪ್ರಶ್ನೆಗಳನ್ನು ಕೇಳಿದರು. ಕುರಿ ಕಚ್ಚುತ್ತದೆಯೇ, ಮಳೆ ಬಂದರೆ ಎಲ್ಲಿ ಮಲಗುತ್ತೀರಿ, ತೋಳ ನೋಡಿದ್ದೀರಾ. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಹಾಳೆ ನೋಡಿಕೊಂಡು, "ಮುತ್ಯಾ, ನಿಮಗ ಓದಾಕ ಬರೂದಿಲ್ಲಂತ, ಹೌದ್ರಿ?" ಎಂದಳು.

"ಹೌದವ್ವ, ಬರೂದಿಲ್ಲ," ಎಂದ ಅಪ್ಪ. "ಕಲಸೂವಂಥವ್ರ ಯಾರೂ ಸಿಗಲಿಲ್ಲ. ಈ ವಾರ ನೀವು ಏನ ಕಲತ್ರಿ, ಅದನ ಹೇಳ್ರಿ."

"ಭಾಗಾಕಾರ," ಎಂದರು ಎಲ್ಲರೂ.

"ಬರ್ರಿ ಹಂಗಾರ. ನೂರಾ ಇಪ್ಪತ್ತ ಕುರಿ. ಏಳ ಹೊಲಕ್ಕ ಸರಿಸಮ ಹಂಚ್ರಿ."

ಮಕ್ಕಳು ಪೆನ್ಸಿಲ್ ಹುಡುಕುವಷ್ಟರಲ್ಲಿ ಅಪ್ಪ ಕಂಬಳಿಯ ಎಳೆ ಹೊಸೆದು ಗಂಟು ಹಾಕಿ ಮುಗಿಸಿದ್ದ. ಹದಿನೇಳು ಗಂಟು, ತುದಿಯಲ್ಲಿ ಒಂದು ಕುಣಿಕೆ. "ಒಂದ ಕುರಿ ಉಳಿತೈತಿ. ಉಳದದ್ದನ್ನ ಬಿಟ್ಟ ಹೋಗಬಾರ್ದು. ಅದನೂ ಹೊಡಕೊಂಡ ಹೋಗಬೇಕು," ಎಂದ. ಮಕ್ಕಳು ಆ ದಾರಕ್ಕಾಗಿ ಜಗಳ ಹಚ್ಚಿದರು.

ಕೊನೆಗೆ ಟೀಚರು ಒಂದು ಬಣ್ಣದ ಪ್ರಮಾಣಪತ್ರ ತಂದು, ಫೋಟೋ ತೆಗೆಯಲು ಇನ್ನೊಬ್ಬರನ್ನು ನಿಲ್ಲಿಸಿ, ಅಪ್ಪನ ಕಡೆ ಚಾಚಿದರು. ಅಪ್ಪ ಕೈ ಮುಂದೆ ಮಾಡಲಿಲ್ಲ. ನಾನು ಮುಂದೆ ಹೋದೆ.

"ನೀ ಅಲ್ಲ," ಎಂದ. "ಸಿರಿ ಓದಲಿ. ಮ್ಯಾಲಿನಿಂದ."

ಸಿರಿ ಒತ್ತಕ್ಷರದಲ್ಲಿ ಎಡವುತ್ತ ಓದಿದಳು. "ಛದ್ಮವೇಷ ಸ್ಪರ್ಧೆ. ಶ್ರೀ ಮಾಳಪ್ಪ ಇವರು ಕುರಿಗಾಹಿಯ ಪಾತ್ರದಲ್ಲಿ ಉತ್ತಮ ವೇಷಭೂಷಣಕ್ಕಾಗಿ..."

"ಹಂಗಂದ್ರ?"

"ನೀ ಕುರಬರ ವೇಷ ಹಾಕ್ಕೊಂಡ ಬಂದೀ ಅಂತ, ಮುತ್ಯಾ. ಫ್ಯಾನ್ಸಿ ಡ್ರೆಸ್ಸು."

ನನ್ನ ಅಂಗೈಗಳು ಕಾದವು. ಮಂಗಳವಾರದಿಂದ ಅಭ್ಯಾಸ ಮಾಡಿದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು. ಅಪ್ಪ ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆದ. ಆಮೇಲೆ ಮೆಲ್ಲಗೆ, ಮೊಣಕಾಲು ಹಿಡಿದುಕೊಂಡು, ತರಗತಿಯ ನಡುವೆ ನೆಲದ ಮೇಲೆ ಕುಳಿತ.

"ತಿದ್ದಿ ಕೊಡ್ರಿ ಅಕ್ಕಾರ. ಅಲ್ಲಿ ಮಟಾ ಕೂಡ್ತೇನಿ. ಕುರಿ ಊರಾಗ ಅದಾವ. ತರಸಬೇಕಂದ್ರ ಬಾಳ ಹೊತ್ತ ಹತ್ತೂದಿಲ್ಲ."

ಟೀಚರ ಮುಖ ಕೆಂಪಾಯಿತು. ವಾರ್ಷಿಕ ಗ್ಯಾದರಿಂಗಿನ ಸ್ಪರ್ಧೆಯಲ್ಲಿ ಉಳಿದ ಕಾಗದಗಳು, ಆಫೀಸಿನವರು ಅವನ್ನೇ ತುಂಬಿ ಕೊಟ್ಟರು, ತಾನು ಓದಿ ನೋಡಲಿಲ್ಲ ಎಂದರು. ಮೊಬೈಲು ಕೆಳಗಿಟ್ಟರು. ನನ್ನ ಪಕ್ಕಕ್ಕೆ ಬಂದು, "ನಮ್ಮಪ್ಪಾರೂ ಹೆಬ್ಬಟ್ಟ ಒತ್ತತಾರ್ರಿ. ರಬಕವಿಯೊಳಗ ಮಗ್ಗ ನೇಯ್ತಾರ. ನಾ ಓದಬೇಕಾಗಿತ್ತು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ನನ್ನ ಸಿಟ್ಟು ಆರಿತು ಎಂದು ಹೇಳಲಾರೆ. ಆದರೆ ಆ ಹುಡುಗಿಯ ವಿಳಾಸಕ್ಕೆ ಅದನ್ನು ಹಾಕಲು ಕೈ ಬರಲಿಲ್ಲ.

ಟೀಚರು ಹೊಸ ಬಿಳಿ ಹಾಳೆ ತೆಗೆದುಕೊಂಡು ಅಪ್ಪನ ಎದುರು ನೆಲದ ಮೇಲೆಯೇ ಕುಳಿತರು. "ಏನಂತ ಬರೀಲ್ರಿ ಅಜ್ಜಾರ?"

"ಮಾಳಪ್ಪ ಒಳಗ ಬಂದು ಈ ವಾರದ ಪಾಠ ಹೇಳಿದಾ ಅಂತ ಬರೀರಿ. ತಾರೀಖ ಹಾಕ್ರಿ. ಸಹಿ ಮಾಡ್ರಿ."

ಬರೆದರು. ಸಹಿ ಮಾಡಿದರು, ಶಾಲೆಯ ಮೊಹರು ತರಿಸಿ ಒತ್ತಿದರು, ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಅಪ್ಪ ಆಗಲೂ ಕೈ ಮುಂದೆ ಮಾಡಲಿಲ್ಲ. ಮೊಮ್ಮಗಳ ಮುಖ ನೋಡಿದ. ಸಿರಿ ಇಡೀ ಕಾಗದವನ್ನು ಮೇಲಿನಿಂದ ಕೆಳಗಿನ ತನಕ, ಮೊಹರಿನ ಅಕ್ಷರಗಳ ಸಮೇತ, ಗಟ್ಟಿಯಾಗಿ ಓದಿದಳು.

"ಸಾಲಿ ಬಿಟ್ಟ ಅಂತ ಎಲ್ಲೂ ಇಲ್ಲಲ?"

"ಇಲ್ಲ ಮುತ್ಯಾ."

"ಹಂಗಾರ ಕೊಡ್ರಿ."